ನಕಲು ಡಯಲಿನ ಪೈಲಟ್ ಪರವಾಗಿ

ಹಳೆಯ ಎಚ್‌ಎಂಟಿ ವಾಚುಗಳನ್ನು ಸಂಗ್ರಹಿಸುವವರ ನಡುವೆ ಒಂದು ತೀರ್ಪು ಗಟ್ಟಿಯಾಗಿ ಕೂತುಬಿಟ್ಟಿದೆ. ಡಯಲು ಮರುಮುದ್ರಣದ್ದಾದರೆ ಆ ವಾಚು ಕಸ. ಕೇಸು ಒಂದು ಮಾಡೆಲಿನದು, ಮುಳ್ಳು ಇನ್ನೊಂದರದು ಆಗಿದ್ದರೆ ಅದು 'ಫ್ರಾಂಕನ್'. ಎರಡೂ ಸೇರಿದ್ದರೆ 'ಮುಂಬೈ ಸ್ಪೆಷಲ್'. ಇಂಥದ್ದನ್ನು ಕೊಂಡವರಿಗೆ ಮೊದಲು ಕನಿಕರದಿಂದ ಬುದ್ಧಿ ಹೇಳುತ್ತಾರೆ. ಅದನ್ನೇ ಇಟ್ಟುಕೊಂಡು, ಈ ವರ್ಷ ಗಾಜು, ಮುಂದಿನ ವರ್ಷ ಕೇಸು ಎಂದು ಒಂದೊಂದೇ ಭಾಗ ಬದಲಿಸುತ್ತ, ವಾಚನ್ನು ಮೇಲಕ್ಕೆತ್ತುತ್ತ ಹೋಗುವವರನ್ನು ಕಂಡರೆ ಆ ಕನಿಕರವೂ ಉಳಿಯುವುದಿಲ್ಲ. 'ನಕಲಿಗೆ ಯಾಕೆ ದುಡ್ಡು ಸುರೀತೀರಿ? ಅದೇ ದುಡ್ಡಲ್ಲಿ ಒಂದು ಅಸಲಿ ಬರ್ತಿತ್ತಲ್ಲ?' ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ.

ನಾನು ಈ ತೀರ್ಪನ್ನು ಒಪ್ಪುವುದಿಲ್ಲ. ಕೇಳಲು ಇದು ವಾಚಿನ ಬಗ್ಗೆ ಬಲ್ಲವರ ಮಾತು ಅನ್ನಿಸುತ್ತದೆ, ಆದರೆ ಇದರ ಬುಡದಲ್ಲಿರುವುದು ಹರಾಜಿನ ಲೆಕ್ಕ. ಹರಾಜುಕಟ್ಟೆಯ ಲೆಕ್ಕವನ್ನು ತಂದು ದಿನವೂ ಕೈಗೆ ಕಟ್ಟುವ ವಸ್ತುವಿನ ಮೇಲೆ ಹೇರಿದ್ದರಿಂದ ಆಗಿರುವ ಹಾನಿ ಸಣ್ಣದಲ್ಲ. ಓಡಬಲ್ಲ ವಾಚುಗಳು ಡ್ರಾಯರಿನ ಮೂಲೆ ಸೇರಿವೆ. ರಿಪೇರಿಯವರ ಕೈಕೆಲಸಕ್ಕೆ ಕಳಂಕ ಹತ್ತಿದೆ. ಅಪ್ಪನ ವಾಚಿಗೆ ಹೊಸ ಡಯಲು ಹಾಕಿಸಿಕೊಂಡ ಮಗ ಅದನ್ನು ನಾಲ್ಕು ಜನರೆದುರು ತೋರಿಸಲು ಹಿಂಜರಿಯುವಂತಾಗಿದೆ.

ನನ್ನ ಕೈಯಲ್ಲಿರುವುದು ಇಂಥದೇ ಒಂದು ಎಚ್‌ಎಂಟಿ ಪೈಲಟ್. ಕಪ್ಪು ಡಯಲು, ಕತ್ತಲೆಯಲ್ಲಿ ಮಿನುಗುವ ಅಂಕಿಗಳು. ಮಾರಿದವರು ಏನನ್ನೂ ಮುಚ್ಚಿಡಲಿಲ್ಲ, 'ಮಷಿನ್ ಹಳೇದು ಸಾರ್, ಡಯಲ್ ಹೊಸದಾಗಿ ಹಾಕ್ಸಿರೋದು' ಎಂದು ಹೇಳಿಯೇ ಕೊಟ್ಟರು. ಭೂತಗನ್ನಡಿ ಹಿಡಿದು ನೋಡಿದರೆ ಮರುಮುದ್ರಣವೆಂದು ಯಾರಿಗೂ ಗೊತ್ತಾಗುತ್ತದೆ. ಅಕ್ಷರಗಳು ಕೂದಲೆಳೆಯಷ್ಟು ದಪ್ಪ. ನಿಮಿಷದ ಗೆರೆಗಳು ಆರರ ಹತ್ತಿರ ಅಂಚಿಗೆ ಸರಿದಿವೆ. ಅಂಕಿಗಳ ಹಸಿರು ಕಾರ್ಖಾನೆಯ ಹಸಿರಿಗಿಂತ ಢಾಳು. ಅಂದಿನಿಂದ ಇಂದಿನವರೆಗೆ ಈ ವಾಚಿನಲ್ಲಿ ಬದಲಾಗದೆ ಉಳಿದದ್ದು ಕಡಿಮೆ. ಸೋತಿದ್ದ ಮೈನ್‌ಸ್ಪ್ರಿಂಗ್ ಮೊದಲು ಹೋಯಿತು. ಗೀರು ಬಿದ್ದು ಮಬ್ಬಾಗಿದ್ದ ಪ್ಲಾಸ್ಟಿಕ್ ಗಾಜು ಆಮೇಲೆ. ಬೆವರು ತಿಂದು ಕ್ರೋಮಿಯಂ ಎದ್ದುಹೋಗಿದ್ದ ಹಿತ್ತಾಳೆಯ ಕೇಸಿನ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲಿನದು ಬಂತು. ಹಲ್ಲು ಸವೆದು ಬೆರಳಿಗೆ ಸಿಗದಂತಾಗಿದ್ದ ಕ್ರೌನ್ ಹೋಗಿ ಒಳಗೆ ರಬ್ಬರ್ ಉಂಗುರವಿರುವ ಹೊಸ ಕ್ರೌನ್ ಕೂತಿತು. ಬೆಲ್ಟುಗಳ ಲೆಕ್ಕ ಯಾರೂ ಇಡುವುದಿಲ್ಲ. ಶುದ್ಧತೆಯ ಪ್ರತಿಪಾದಕರ ಕಣ್ಣಿಗೆ ಇದು ತಪ್ಪಿನ ಮೇಲೆ ತಪ್ಪು. ನನಗೆ ಇದು ಒಂದು ಯಂತ್ರವನ್ನು ಬದುಕಿಸಿಕೊಂಡು ಬಂದ ರೀತಿ.

ಒಳಗಿರುವುದು ಏನು ಎಂಬುದನ್ನು ಮೊದಲು ನೋಡೋಣ. ರಿಪೇರಿಯವರು 'ಮಷಿನ್' ಎನ್ನುವ ಈ ಚಲನಯಂತ್ರ 17 ಜ್ಯುವೆಲ್‌ಗಳದ್ದು. ಇದರ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಸಲ ಮಿಡಿಯುತ್ತದೆ. ಕೈಯಿಂದ ಕೀ ಕೊಡಬೇಕು, ಬ್ಯಾಟರಿ ಇಲ್ಲ. ಎಚ್‌ಎಂಟಿಯ ಇನ್ನೊಂದು ಮಾಡೆಲಾದ ಜನತಾದಲ್ಲಿ ಇರುವುದೂ ಇದೇ ಕುಟುಂಬದ ಮಷಿನ್. ಹಾಗಾಗಿ ಜನತಾದ ಚಕ್ರ ಪೈಲಟ್‌ಗೆ ಕೂರುತ್ತದೆ, ಪೈಲಟ್‌ನ ಬ್ರಿಡ್ಜು ಜನತಾಕ್ಕೆ ಕೂರುತ್ತದೆ. ಇದು ಯಾರದೋ ಕಳ್ಳಾಟದಿಂದ ಆದದ್ದಲ್ಲ. ಕಾರ್ಖಾನೆ ಬೇಕೆಂದೇ ಹೀಗೆ ಮಾಡಿತು. ಲಕ್ಷಗಟ್ಟಲೆ ವಾಚು ಹೊರತಂದು ಊರೂರಿನಲ್ಲಿ ರಿಪೇರಿ ಆಗಬೇಕೆಂದರೆ ಭಾಗಗಳು ಒಂದಕ್ಕೊಂದು ಹೊಂದಲೇಬೇಕಿತ್ತು. ಭಾಗ ಬದಲಿಸಿ ಓಡಿಸುವುದಕ್ಕಾಗಿಯೇ ಹುಟ್ಟಿದ ಯಂತ್ರವನ್ನು, ಭಾಗ ಬದಲಾಗಿದೆ ಎಂಬ ಕಾರಣಕ್ಕೆ ತಿರಸ್ಕರಿಸುವುದು ಯಾವ ನ್ಯಾಯ?

ಈ ಮಷಿನ್‌ನ ಹುಟ್ಟನ್ನೇ ಕೆದಕಿದರೆ 'ಅಸಲಿ' ಎಂಬ ಮಾತು ಇನ್ನಷ್ಟು ಅಲುಗಾಡುತ್ತದೆ. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಹಿಂದೂಸ್ತಾನ್ ಮಷಿನ್ ಟೂಲ್ಸ್ ಕಂಪನಿಗೆ ಮೊದಲು ಗೊತ್ತಿದ್ದದ್ದು ಲೇತು, ಮಿಲ್ಲಿಂಗ್ ಯಂತ್ರಗಳ ಕೆಲಸ. ವಾಚು ಮಾಡುವುದನ್ನು ಅದು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಕೈಜೋಡಿಸಿ ಕಲಿತಿತು. ಯಂತ್ರದ ವಿನ್ಯಾಸ ಅವರದು. ಡಯಲಿನ ಮೇಲೆ ಇಂದಿಗೂ ಹೆಮ್ಮೆಯಿಂದ ಓದುವ 'ಪ್ಯಾರಾಶಾಕ್' ಕೂಡ ಅವರದೇ. ವಾಚು ಕೆಳಗೆ ಬಿದ್ದಾಗ ಬ್ಯಾಲೆನ್ಸ್‌ನ ಸೂಜಿಯಂಥ ಅಚ್ಚು ಮುರಿಯದಂತೆ ಕಾಪಾಡುವ ಈ ವ್ಯವಸ್ಥೆಯನ್ನು ಸಿಟಿಜನ್ 1950ರ ದಶಕದಲ್ಲಿ ತಂದಿತ್ತು. ಆ ಜಪಾನಿಗಳಾದರೂ ಕಲಿತದ್ದು ಸ್ವಿಸ್ ವಾಚುಗಳನ್ನು ಬಿಚ್ಚಿ ನೋಡಿ. ನಮ್ಮ ಬೆಂಗಳೂರಿನ ಜಾಲಹಳ್ಳಿ ಕಾರ್ಖಾನೆಯ ಕೆಲಸಗಾರರು ಇನ್ನೊಬ್ಬರ ನಕ್ಷೆಯನ್ನು ಇಸಿದುಕೊಂಡು, ಅದನ್ನು ಕೈವಶ ಮಾಡಿಕೊಂಡು, ಇಲ್ಲಿಯ ಬಿಸಿಲು ಬೆವರಿಗೆ ಒಗ್ಗಿಸಿ, ಇಲ್ಲಿಯ ಹೆಸರಿಟ್ಟು ದೇಶಕ್ಕೆಲ್ಲ ಕೊಟ್ಟರು. ಅದಕ್ಕಾಗಿಯೇ ಎಚ್‌ಎಂಟಿ ದೊಡ್ಡದು. ಇನ್ನೊಬ್ಬರಿಂದ ತಂದು, ತಿದ್ದಿ, ತನ್ನದು ಮಾಡಿಕೊಳ್ಳುವುದನ್ನು ಕಾರ್ಖಾನೆ ಮಾಡಿದರೆ ಕೊಂಡಾಡುತ್ತೇವೆ. ಅವೆನ್ಯೂ ರಸ್ತೆಯ ಗಾಜಿನ ಪೆಟ್ಟಿಗೆಯ ಹಿಂದೆ ಕೂತ ರಿಪೇರಿಯವರು ಮಾಡಿದರೆ ಮೂಗು ಮುರಿಯುತ್ತೇವೆ.

ಮರುಮುದ್ರಣ ಎಂಬ ಕೆಲಸವನ್ನು ಹತ್ತಿರದಿಂದ ಕಂಡವರು ಅದನ್ನು ಇಷ್ಟು ಸಸಾರವಾಗಿ ಆಡಿಕೊಳ್ಳಲಾರರು. ಡಯಲು ಅಂದರೆ ಹಿತ್ತಾಳೆಯ ತೆಳು ಬಿಲ್ಲೆ. ಬೆನ್ನಿಗೆ ಎರಡು ಸಣ್ಣ ಕಾಲುಗಳಿರುತ್ತವೆ. ಅವು ಮಷಿನ್‌ನ ತೂತುಗಳಲ್ಲಿ ಇಳಿದು, ಪಕ್ಕದಿಂದ ಬಿಗಿಯುವ ಪುಟಾಣಿ ತಿರುಪುಗಳಲ್ಲಿ ಹಿಡಿದು ನಿಲ್ಲುತ್ತವೆ. ತೇವ ತಾಗಿ ಹೊಪ್ಪಳಿಸಿದ ಹಳೆಯ ಬಣ್ಣವನ್ನು ಕಾಲು ಮುರಿಯದಂತೆ ತೆಗೆಯಬೇಕು. ಬಿಲ್ಲೆಯನ್ನು ಉಜ್ಜಿ, ಬಣ್ಣ ಬಳಿದು ಒಣಗಿಸಬೇಕು. ಆಮೇಲೆ ಕೊರೆದ ತಗಡಿನಲ್ಲಿ ಮಸಿ ತುಂಬಿ, ಮೆದುವಾದ ಸಿಲಿಕೋನ್ ಗುಂಡಿನಿಂದ ಅದನ್ನು ಎತ್ತಿ, ಬಿಲ್ಲೆಯ ಮೇಲೆ ಒತ್ತಬೇಕು. ಜಿನೀವಾದ ದುಬಾರಿ ಡಯಲೂ ಅಚ್ಚಾಗುವುದು ಹೀಗೆಯೇ. ವ್ಯತ್ಯಾಸ ಇರುವುದು ತಗಡಿನ ನಾಜೂಕಿನಲ್ಲಿ, ಕೆಲಸಕ್ಕೆ ಸಿಗುವ ಹೊತ್ತಿನಲ್ಲಿ, ಕೂಲಿಯಲ್ಲಿ. ಕಾಲು ಕತ್ತರಿಸಿ ಗೋಂದಿನಲ್ಲಿ ಅಂಟಿಸಿದ ಅಡ್ಡಾದಿಡ್ಡಿ ಡಯಲುಗಳು ಸಂತೆಯಲ್ಲಿ ಬೇಕಾದಷ್ಟಿವೆ. ಅವು ಕೆಟ್ಟ ಕೆಲಸ, ಕೆಟ್ಟದ್ದೆಂದೇ ಕರೆಯೋಣ. ಒಳ್ಳೆಯ ಮರುಮುದ್ರಣವೂ ಇದೆ. ಅದನ್ನು ಒಳ್ಳೆಯದೆಂದು ಒಪ್ಪುವ ಪ್ರಾಮಾಣಿಕತೆ ಬೇಕು. ಈಗಿನ ತೀರ್ಪಿಗೆ ಆ ವಿವೇಚನೆಯೇ ಇಲ್ಲ. ಚೆನ್ನಾಗಿ ಮಾಡಿದ್ದೂ ಕಸ, ಕೆಟ್ಟದಾಗಿ ಮಾಡಿದ್ದೂ ಕಸ. ಕೆಲಸದ ಗುಣ ನೋಡದ ರಸಿಕತೆ ರಸಿಕತೆಯೇ ಅಲ್ಲ.

ಇನ್ನು ಶುದ್ಧತೆಯವರ 'ಪೂರ್ತಿ ಒರಿಜಿನಲ್' ವಾಚುಗಳು ತಯಾರಾಗುವ ಬಗೆಯನ್ನು ನೋಡಿ. ಒಂದು ಪೈಲಟ್‌ನಲ್ಲಿ ಡಯಲು ಚೆನ್ನಾಗಿದೆ, ಕೇಸು ಸವೆದಿದೆ. ಇನ್ನೊಂದರಲ್ಲಿ ಕೇಸು ಹೊಳೆಯುತ್ತಿದೆ, ಮಷಿನ್ ತುಕ್ಕು ಹಿಡಿದಿದೆ. ಮೂರನೆಯದರಲ್ಲಿ ಕ್ರೌನ್ ಸರಿಯಾದ ಕಾಲದ್ದು. ಮೂರನ್ನೂ ಕೊಂಡು, ಬಿಚ್ಚಿ, ಒಳ್ಳೆಯದನ್ನೆಲ್ಲ ಒಂದರಲ್ಲಿ ಸೇರಿಸುತ್ತಾರೆ. ಹೀಗೆ ಹುಟ್ಟಿದ ವಾಚನ್ನು ಗಾಜಿನ ಕಪಾಟಿನಲ್ಲಿಟ್ಟು ಅಸಲಿ ಎನ್ನುತ್ತಾರೆ. ಉಳಿದ ಎರಡು ವಾಚುಗಳ ಎಲುಬು ಪ್ಲಾಸ್ಟಿಕ್ ಡಬ್ಬಿ ಸೇರುತ್ತದೆ. ಆ ಡಯಲು ಆ ಮಷಿನ್‌ನ ಜೊತೆ ಕಾರ್ಖಾನೆಯಿಂದ ಹೊರಟಿರಲಿಲ್ಲ, ಆ ಕೇಸು ಆ ಮುಳ್ಳುಗಳನ್ನು ಹಿಂದೆ ಕಂಡಿರಲಿಲ್ಲ. ಮೂರು ಮನೆಯ ಸೊತ್ತು ಸೇರಿಸಿ ಕಟ್ಟಿದ ಈ ವಾಚು ಫ್ರಾಂಕನ್ ಅಲ್ಲದೆ ಮತ್ತೇನು? ಎಲ್ಲ ಭಾಗಗಳೂ ಕಾರ್ಖಾನೆಯವೇ ಎಂಬುದು ಅವರ ಸಮರ್ಥನೆ. ಸರಿ, ಭಾಗಗಳ ಹುಟ್ಟೂರು ಒಂದೇ. ಆದರೆ ಅವರು ಪೂಜಿಸುವುದು ಭಾಗಗಳನ್ನಲ್ಲ, ಒಂದು ವಾಚಿನ ಕಲಬೆರಕೆಯಿಲ್ಲದ ಚರಿತ್ರೆಯನ್ನು. ಅಂಥ ಚರಿತ್ರೆಯನ್ನು ಮೇಜಿನ ಮೇಲೆ ಹೊಸದಾಗಿ ಜೋಡಿಸಿ ಹಳೆಯದೆಂದು ನಂಬಿಸುವವರು, ಎದುರಿಗೇ 'ಇದು ಹೊಸ ಡಯಲು' ಎಂದು ಹೇಳುವವರನ್ನು ಸುಳ್ಳರ ಸಾಲಿನಲ್ಲಿ ನಿಲ್ಲಿಸುತ್ತಾರೆ. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇಲ್ಲೇ.

ವಾಚಿನ ಲೋಕದ ಚರಿತ್ರೆಯಾದರೂ ಇವರ ಬೆನ್ನಿಗೆ ನಿಲ್ಲುತ್ತದೆಯೇ ಎಂದರೆ ಅದೂ ಇಲ್ಲ. ಸ್ವಿಸ್ ವಾಚುಗಳೆಂದರೆ ಅಸಲಿಯ ಪರಮಾವಧಿ ಎಂದು ನಂಬಿರುವ ನಾವು ನೆನಪಿಡಬೇಕಾದದ್ದಿದೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ವಾಲ್ಥಮ್‌ನಂಥ ಕಾರ್ಖಾನೆಗಳ ವಾಚಿಗೆ ಬೇಡಿಕೆ ಏರಿದಾಗ, ಅವುಗಳ ರೂಪವನ್ನು ಅನುಕರಿಸಿ, ಅವುಗಳ ಹೆಸರನ್ನು ಹೋಲುವ ಹೆಸರು ಕೊರೆದು ಮಾರಿದವರಲ್ಲಿ ಸ್ವಿಸ್ ತಯಾರಕರೂ ಇದ್ದರು. ಆ ನಕಲುಗಳನ್ನು ಇಂದು ಅಮೆರಿಕದಲ್ಲಿ 'ಸ್ವಿಸ್ ಫೇಕ್' ಎಂಬ ಹೆಸರಿನಲ್ಲೇ ಸಂಗ್ರಹಿಸುವವರಿದ್ದಾರೆ.

ರೋಲೆಕ್ಸ್‌ನ ಡೇಟೋನಾ ಇನ್ನೂ ದೊಡ್ಡ ಪಾಠ. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ಡೇಟೋನಾ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೂ ಮೀರಿ ಹೋಯಿತು. ಆ ವಾಚಿನ ಒಳಗೆ ಮಿಡಿಯುವುದು ರೋಲೆಕ್ಸ್ ತಾನೇ ವಿನ್ಯಾಸ ಮಾಡಿದ ಮಷಿನ್ ಅಲ್ಲ, ವಾಲ್ಜೂ ಎಂಬ ಬೇರೆ ಕಾರ್ಖಾನೆಯ ಯಂತ್ರದ ಮೇಲೆ ಕಟ್ಟಿದ್ದು. 1988ರಿಂದ 2000ದವರೆಗೆ ಬಂದ ಡೇಟೋನಾಗಳಲ್ಲಿ ಝೆನಿತ್ ಕಂಪನಿಯ ಎಲ್ ಪ್ರಿಮೆರೊ ಮಷಿನ್. ಅದು ಗಂಟೆಗೆ 36,000 ಬಾರಿ ಮಿಡಿಯುತ್ತಿತ್ತು. ರೋಲೆಕ್ಸ್ ಅದನ್ನು ಬಿಚ್ಚಿ, ಭಾಗಗಳನ್ನು ಬದಲಿಸಿ, 28,800ಕ್ಕೆ ಇಳಿಸಿ ತನ್ನ ಕೇಸಿನಲ್ಲಿ ಕೂರಿಸಿತು. ಇನ್ನೊಬ್ಬರ ಮಷಿನ್ ತಂದು ತಿದ್ದಿ ತನ್ನ ಡಯಲಿನ ಕೆಳಗೆ ಇಡುವುದು ಜಿನೀವಾದಲ್ಲಿ ಎಂಜಿನಿಯರಿಂಗ್. ಮುಂಬೈಯಲ್ಲಿ, ಬೆಂಗಳೂರಿನಲ್ಲಿ ಕಲಬೆರಕೆ.

ಮರುಡಯಲಿನ ವಿಷಯಕ್ಕೇ ಬರೋಣ. ಬ್ರಿಟನ್ನಿನ ವಾಯುಪಡೆಗೆಂದು 1940ರ ದಶಕದ ಕೊನೆಯಲ್ಲಿ ಬಂದ ಐಡಬ್ಲ್ಯೂಸಿ ಮಾರ್ಕ್ 11 ವಾಚುಗಳ ಡಯಲಿನಲ್ಲಿ ಹೊಳಪಿಗೆ ರೇಡಿಯಂ ಇತ್ತು. ರೇಡಿಯಂನ ಅಪಾಯ ಅರಿವಾದ ಮೇಲೆ ಸೇನೆಯ ವರ್ಕ್‌ಶಾಪುಗಳು ಅಂಥ ಹಳೆಯ ವಾಚುಗಳ ಡಯಲು ತೆಗೆದು, ಟ್ರಿಟಿಯಂ ಹೊಳಪಿನ ಬೇರೆ ಡಯಲು ಹಾಕಿದವು. ವೃತ್ತದೊಳಗಿನ 'ಟಿ' ಅಕ್ಷರ ಅದರ ಗುರುತು. ಮುಳ್ಳುಗಳೂ ಬದಲಾದವು. ಇಂದು ಸಂಗ್ರಾಹಕರು ಆ ಡಯಲಿನ ಮುಂದೆ ಭೂತಗನ್ನಡಿ ಹಿಡಿದು, ಇದು ಇಂಥ ಕಾಲದ ಬದಲಾವಣೆ ಎಂದು ಗೌರವದಿಂದ ಬರೆದಿಡುತ್ತಾರೆ. ಬದಲಿಸಿದ ಡಯಲು ಆ ವಾಚಿನ ಸೇವೆಯ ದಾಖಲೆ ಆಯಿತು. ಸೈನ್ಯದ ವರ್ಕ್‌ಶಾಪು ವಾಚು ಓಡಬೇಕೆಂದು ಡಯಲು ಬದಲಿಸಿತು. ಹಾಸನದ ಮೇಷ್ಟರೊಬ್ಬರೂ ವಾಚು ಓಡಬೇಕೆಂದೇ ಡಯಲು ಬದಲಿಸಿಕೊಂಡಿರುತ್ತಾರೆ. ಒಂದರ ಹಿಂದೆ ಸರ್ಕಾರಿ ಮೊಹರು ಇದೆ, ಇನ್ನೊಂದರ ಹಿಂದೆ ಇಲ್ಲ. ಈ ಮೊಹರಿನ ಮೋಹವನ್ನು ಪಾಂಡಿತ್ಯ ಎಂದು ಕರೆಯಲು ನಾನು ಸಿದ್ಧನಿಲ್ಲ.

ಇಷ್ಟು ಹೇಳಿದ ಮೇಲೆ ಎದುರಾಳಿಯ ಗಟ್ಟಿ ವಾದಕ್ಕೆ ಉತ್ತರಿಸದೆ ಮುಂದೆ ಹೋಗುವುದು ತರವಲ್ಲ. ಅದು ಮೋಸದ ಕುರಿತ ವಾದ. ಮರುಮುದ್ರಣದ ಡಯಲನ್ನು 'ಎಪ್ಪತ್ತರ ದಶಕದ್ದು, ಯಾರೂ ಬಳಸದೆ ಇಟ್ಟದ್ದು' ಎಂದು ನಂಬಿಸಿ ಮಾರುವವರಿದ್ದಾರೆ. ಎಚ್‌ಎಂಟಿ ಎಂದೂ ತಯಾರಿಸದ ಬಣ್ಣಗಳನ್ನು ಬಳಿದು 'ಅಪರೂಪದ ಮಾಡೆಲ್' ಎಂದು ಬೆಲೆ ಏರಿಸುವವರಿದ್ದಾರೆ. ಇದು ವಂಚನೆ, ಇದಕ್ಕೆ ನನ್ನ ಬಳಿ ಒಂದು ಚೂರೂ ಸಹನೆಯಿಲ್ಲ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಸುಳ್ಳು ಗುರುತು ಹಚ್ಚಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಹೇಳುತ್ತದೆ, ಹೇಳಬೇಕಾದದ್ದೇ. ಪರದೇಶದ ದುಬಾರಿ ವಾಚಿನ ಹೆಸರನ್ನು ಹೊಸದಾಗಿ ಒತ್ತಿ, ಲಕ್ಷಾಂತರದ್ದೆಂದು ನಂಬಿಸಿ ಮಾರುವ ದಂಧೆಯ ಪರವಾಗಿ ನಾನು ಒಂದಕ್ಷರ ಬರೆಯುತ್ತಿಲ್ಲ. ಆದರೆ ಇಲ್ಲೆಲ್ಲ ಮೋಸ ಇರುವುದು ಮಾರುವವರ ನಾಲಿಗೆಯಲ್ಲಿ. ಡಯಲು ಮರುಮುದ್ರಣದ್ದು ಎಂದು ಹೇಳಿ, ಮರುಮುದ್ರಣಕ್ಕೆ ತಕ್ಕ ಬೆಲೆಗೆ ಕೊಟ್ಟ ವಾಚಿನಲ್ಲಿ ಯಾರಿಗೆ ಯಾರು ಮೋಸ ಮಾಡಿದರು? ವಂಚಕರ ಮೇಲಿನ ಕೋಪವನ್ನು ವಸ್ತುವಿನ ಮೇಲೆ, ಅದನ್ನು ಪ್ರೀತಿಯಿಂದ ಕಟ್ಟುವವರ ಮೇಲೆ, ಅದನ್ನು ಓಡುವಂತೆ ಮಾಡಿದ ಕೈಗಳ ಮೇಲೆ ತೀರಿಸಿಕೊಳ್ಳುವುದು ಸುಲಭ. ಸುಲಭ ಎಂಬ ಕಾರಣಕ್ಕೇ ಅದು ನಡೆದಿದೆ.

ಆ ಕೈಗಳ ಬಗ್ಗೆ ಇನ್ನಷ್ಟು ಹೇಳಬೇಕು. ನನ್ನ ಪೈಲಟ್‌ಗೆ ಸ್ಟೀಲ್ ಕೇಸು ಕೂರಿಸಿದ ಸಂಜೆ ನಾನು ರಿಪೇರಿಯವರ ಎದುರೇ ಸ್ಟೂಲಿನ ಮೇಲೆ ಕೂತಿದ್ದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕ್ರೌನನ್ನು ಹೊರಕ್ಕೆಳೆದು, ಪಕ್ಕದ ತಿರುಪನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಿದರು. ಪೂರ್ತಿ ಬಿಚ್ಚಿದರೆ ಒಳಗಿನ ಕೀಲು ಜಾರಿ, ಮತ್ತೆ ಡಯಲು ತೆಗೆಯುವ ಕೆಲಸ ಬೀಳುತ್ತದಂತೆ. ಕ್ರೌನ್ ಕೈಗೆ ಬಂತು. ಮಷಿನ್ ಹಳೆಯ ಕೇಸಿನಿಂದ ಅಂಗೈಗೆ ಇಳಿಯಿತು. ಹೊಸ ಕೇಸಿನಲ್ಲಿ ಇಟ್ಟು ನೋಡಿದರೆ ಕ್ರೌನಿನ ದಂಟು ಒಂದು ಗುಲಗಂಜಿಯಷ್ಟು ಉದ್ದ. ಅರದಲ್ಲಿ ಎರಡೇ ಎರಡು ಉಜ್ಜು. ಇಟ್ಟು ನೋಡಿದರು. ಮತ್ತೊಂದು ಉಜ್ಜು.

'ಯಜಮಾನ್ರೇ, ಡಯಲ್ ಹೇಗಿದ್ರೂ ನಕಲಿ, ಇಷ್ಟೆಲ್ಲ ಯಾಕೆ ಅಂತಾರೆ ಜನ' ಎಂದೆ.

ಅವರು ತಲೆ ಎತ್ತಲಿಲ್ಲ. 'ಡಯಲ್ ಟೈಮ್ ತೋರ್ಸುತ್ತೆ ಸಾರ್, ಟೈಮ್ ಮಾಡೋದು ಮಷಿನ್ನು' ಎಂದರು. ಆಮೇಲೆ ವಾಚನ್ನು ಟೈಮಿಂಗ್ ಯಂತ್ರದ ಮೇಲಿಟ್ಟರು. ಪರದೆಯ ಮೇಲೆ ಚುಕ್ಕಿಗಳ ಸಾಲು ಓರೆಯಾಗಿ ಮೇಲೇರಿತು. ದಿನಕ್ಕೆ ಅರ್ಧ ನಿಮಿಷದಷ್ಟು ಮುಂದೆ ಓಡುತ್ತಿತ್ತು. ಬ್ಯಾಲೆನ್ಸ್‌ನ ಮೇಲಿನ ಸಣ್ಣ ಕಡ್ಡಿಯನ್ನು ಚಿಮಟದ ತುದಿಯಿಂದ ತಟ್ಟಿದರು. ಅದು ಸರಿದದ್ದು ನನ್ನ ಬರಿಗಣ್ಣಿಗೆ ಕಾಣಲೇ ಇಲ್ಲ. ಚುಕ್ಕಿಗಳ ಸಾಲು ನೆಟ್ಟಗಾಯಿತು. ಡಯಲು ಮೇಲೆ ಮಾಡಿ, ಕೆಳಗೆ ಮಾಡಿ, ಕ್ರೌನ್ ಕೆಳಮುಖವಾಗಿ ನಿಲ್ಲಿಸಿ, ಮತ್ತೆ ಮತ್ತೆ ನೋಡಿದರು. ಮನುಷ್ಯನ ಕೈ ಯಾವ ಯಾವ ಭಂಗಿಯಲ್ಲಿರುತ್ತದೋ ಆ ಎಲ್ಲದರಲ್ಲೂ ವಾಚು ಸರಿ ಇರಬೇಕು ಎಂಬುದು ಅವರ ಪಾಠ. ಈ ಕೆಲಸವನ್ನು ಒಂದು ಹಳೆಯ, 'ಶುದ್ಧ' ವಾಚಿಗೆ ಮಾಡಿದ್ದರೆ ಅದಕ್ಕೆ ಜೀರ್ಣೋದ್ಧಾರ ಎಂಬ ದೊಡ್ಡ ಹೆಸರು ಸಿಗುತ್ತಿತ್ತು. ಅದೇ ಕಣ್ಣು, ಅದೇ ಕೈ, ಅದೇ ಜಾಗ್ರತೆ. ನನ್ನ ವಾಚಿಗೆ ಮಾಡಿದ ಮಾತ್ರಕ್ಕೆ ಅದು ವ್ಯರ್ಥಶ್ರಮ ಆಗಿಬಿಡುತ್ತದೆಯೇ?

ಪರಂಪರೆ ಹಾಳಾಗುತ್ತದೆ ಎಂಬ ಆಕ್ಷೇಪ ಇನ್ನೊಂದು. ಅದರಲ್ಲಿ ಹುರುಳಿದೆ. ಹದವಾಗಿ ಮಾಗಿದ, ಚೆನ್ನಾಗಿಯೇ ಇರುವ ಕಾರ್ಖಾನೆಯ ಡಯಲನ್ನು ಕೆರೆದು ಹೊಸ ಬಣ್ಣ ಬಳಿಯುವುದು ತಪ್ಪು. ಅಂಚಿನಲ್ಲಿ ಕಂದಿದ, ಅಂಕಿಗಳು ಕೆನೆಬಣ್ಣಕ್ಕೆ ತಿರುಗಿದ ಹಳೆಯ ಪೈಲಟ್‌ನ ಮುಖದಲ್ಲಿ ಒಂದು ಚೆಲುವಿದೆ, ಅದನ್ನು ಯಾವ ಮುದ್ರಕರೂ ಮತ್ತೆ ತರಲಾರರು. ಅಂಥದ್ದನ್ನು ಮುಟ್ಟಬಾರದು. ಡಯಲು ಬದಲಿಸಲೇಬೇಕಾದರೂ ಹಳೆಯದನ್ನು ಕಾಗದದ ಪೊಟ್ಟಣದಲ್ಲಿಟ್ಟು ಮಾಲೀಕರಿಗೆ ವಾಪಸು ಕೊಡಬೇಕು. ಇಷ್ಟಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ ನಮ್ಮ ಕರಾವಳಿಯ ಮಳೆ, ಬಯಲುಸೀಮೆಯ ಧೂಳು, ಹೊಲದ ಕೆಲಸ, ಬಸ್ಸಿನ ಸ್ಟಿಯರಿಂಗು ಇವುಗಳ ನಡುವೆ ದಶಕಗಟ್ಟಲೆ ದುಡಿದ ವಾಚುಗಳ ಡಯಲುಗಳೆಲ್ಲ ಹಾಗೆ ಮಾಗಿಲ್ಲ, ಹಲವು ಕೊಳೆತಿವೆ. ಅಕ್ಷರ ಅಳಿಸಿ, ಬಣ್ಣ ಉದುರಿ, ಹಿತ್ತಾಳೆ ಹಸಿರುಗಟ್ಟಿದ ಡಯಲಿನಲ್ಲಿ ಕಾಪಾಡಲು ಏನಿದೆ? ಸೋರುವ ಮನೆಯ ಒಡೆದ ಹೆಂಚನ್ನು ಬದಲಿಸಿದವರನ್ನು ಮನೆತನ ಕೆಡಿಸಿದರೆಂದು ಯಾರೂ ದೂರುವುದಿಲ್ಲ.

ಪರಂಪರೆ ಎಂಬ ಮಾತನ್ನು ಎತ್ತಿದವರು ಎಚ್‌ಎಂಟಿಯ ಪರಂಪರೆ ಯಾವುದೆಂದೂ ಯೋಚಿಸಬೇಕು. ಎಸ್ಸೆಸ್ಸೆಲ್ಸಿ ಪಾಸಾದಾಗ ಸೋದರಮಾವ ತಂದುಕೊಟ್ಟದ್ದು, ಮದುವೆಯಲ್ಲಿ ಹುಡುಗನಿಗೆ ಕೊಟ್ಟದ್ದು, ನಿವೃತ್ತಿಯ ದಿನ ಸಹೋದ್ಯೋಗಿಗಳು ಕೂಡಿ ಕೊಡಿಸಿದ್ದು, ಇವು ಎಚ್‌ಎಂಟಿಗಳು. ಸಿಕ್ಕಿದವರು ಅದನ್ನು ಕಟ್ಟಿದರು, ಬೆಳಗ್ಗೆ ಎದ್ದು ಆಕಾಶವಾಣಿಯ ಸಮಯಕ್ಕೆ ಹೊಂದಿಸಿ ಕೀ ಕೊಟ್ಟರು, ನಿಂತಾಗ ರಿಪೇರಿಗೆ ಕೊಟ್ಟರು. ಗಾಜು ಮಸುಕಾದರೆ ಹಲ್ಲುಪುಡಿ ಹಾಕಿ ತಿಕ್ಕಿದರು. 'ಜನತಾ' ಎಂದು ಹೆಸರಿಟ್ಟುಕೊಂಡ ವಾಚನ್ನು ಕೈಯಿಂದ ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಟ್ಟು, ಕೀ ಕೊಡದೆ, ಎಣ್ಣೆ ಗಟ್ಟಿಯಾಗುವವರೆಗೆ ಕಾದಿಡುವುದು ಯಾವ ಪರಂಪರೆಯ ರಕ್ಷಣೆ? ಕಪಾಟಿನ ವಾಚುಗಳೂ ಇರಲಿ, ಮುಂದಿನವರಿಗೆ ನೋಡಲು ಮಾದರಿ ಬೇಕು. ಆದರೆ ಕಪಾಟಿನ ನಿಯಮವನ್ನು ಕೈಯ ಮೇಲಿನ ವಾಚಿಗೆ ಹಾಕಬೇಡಿ.

ದುಡ್ಡಿನ ವಾದ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಾಕಿದ ದುಡ್ಡು ಮಾರಿದರೆ ವಾಪಸು ಬರುವುದಿಲ್ಲ ಎನ್ನುತ್ತಾರೆ. ನಿಜ, ಬರುವುದಿಲ್ಲ. ನಾನು ಮಾರಲು ಕೂತಿಲ್ಲ. ಹೊಲಿಸಿದ ಅಂಗಿಯ ದುಡ್ಡು, ಓದಿದ ಪುಸ್ತಕದ ದುಡ್ಡು, ಹೋದ ಪ್ರವಾಸದ ದುಡ್ಡು ಯಾರಿಗೂ ವಾಪಸು ಬಂದಿಲ್ಲ. ವಾಚಿನ ವಿಷಯದಲ್ಲಿ ಮಾತ್ರ ಎಲ್ಲರೂ ಯಾವಾಗ ದಲ್ಲಾಳಿಗಳಾದೆವು? ಇನ್ನು 'ಅದೇ ದುಡ್ಡಿಗೆ ಅಸಲಿ' ಎಂಬ ಮಾತು. ಈ ಅಸಲಿ ಅಂದರೆ ಹಿಂದೆ ಹೇಳಿದ ಹಾಗೆ ಮೂರು ವಾಚು ಕಡಿದು ಮಾಡಿದ ಒಂದು ವಾಚು ಆಗಿರಬಹುದು. ಅಲ್ಲದಿದ್ದರೂ ನನಗೆ ಬೇಕಾದದ್ದು ಅದಲ್ಲ. ಈ ವಾಚಿನ ಯಾವ ಭಾಗ ಯಾವಾಗ ಬಂತು, ಯಾರು ಕೂರಿಸಿದರು, ಯಾಕೆ ಬದಲಾಯಿತು ಎಂಬುದು ನನಗೆ ಗೊತ್ತು. ಸೋತ ಸ್ಪ್ರಿಂಗ್ ಹೋಗಿ ಹೊಸದು ಬಂದ ಮೇಲೆ ರಾತ್ರಿ ಕೀ ಕೊಟ್ಟರೆ ಮಾರನೆಯ ರಾತ್ರಿಯವರೆಗೂ ಅದು ಸೋಲದೆ ಓಡುತ್ತದೆ. ಈ ತಿಳಿವಳಿಕೆಯನ್ನು ಯಾವ ಅಂಗಡಿಯಲ್ಲೂ ಇಡಿಯಾಗಿ ಕೊಳ್ಳಲಾಗುವುದಿಲ್ಲ. ಒಂದು ವಸ್ತುವಿನ ಜೊತೆ ವರ್ಷಗಳನ್ನು ಕಳೆದವರಿಗೆ ಮಾತ್ರ ಅದು ಸಿಗುತ್ತದೆ.

ಈ ಶುದ್ಧತೆಯ ವಾದಕ್ಕೆ ಇರುವ ಅತಿ ದೊಡ್ಡ ಅಡ್ಡಿಯೆಂದರೆ ಕಾರ್ಖಾನೆಯೇ ಈಗ ಇಲ್ಲ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ತುಮಕೂರಿನ ವಾಚು ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ಜಾಲಹಳ್ಳಿಯಲ್ಲಿ ಒಂದು ಮ್ಯೂಸಿಯಂ ಉಳಿದಿದೆ. ಇನ್ನು ಮುಂದೆ ಕಾರ್ಖಾನೆಯ ಹಳೆಯ ಪೈಲಟ್ ಡಯಲು ಅಂತ ಸಿಗುವುದು ಬಹುಪಾಲು ಇನ್ನೊಂದು ಪೈಲಟ್‌ನಿಂದ ಬಿಚ್ಚಿದ್ದೇ. 'ಒರಿಜಿನಲ್ ಭಾಗವೇ ಬೇಕು' ಎಂಬ ಹಟದ ಅರ್ಥ ಈಗ ನೆಟ್ಟಗೆ ಕಾಣುತ್ತದೆ. ಒಂದು ವಾಚು ಬದುಕಬೇಕಾದರೆ ಇನ್ನೊಂದು ಸಾಯಬೇಕು. ವರ್ಷ ಕಳೆದಂತೆ ಓಡುವ ಎಚ್‌ಎಂಟಿಗಳ ಸಂಖ್ಯೆ ಕರಗುತ್ತ ಹೋಗಬೇಕು, ಉಳಿದವುಗಳ ಬೆಲೆ ಏರುತ್ತ ಹೋಗಬೇಕು. ಈ ಏರಿಕೆ ಯಾರಿಗೆ ಲಾಭ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮರುಮುದ್ರಿಸಿದ ಡಯಲು, ಹೊಸದಾಗಿ ಮಾಡಿದ ಗಾಜು, ಕ್ರೌನ್, ಕೇಸು ಇವೇ ಆ ಬಲಿಯನ್ನು ತಪ್ಪಿಸುತ್ತಿರುವುದು.

ಹಾಗಾಗಿ ನಕಲು ಡಯಲನ್ನು ಹೀಗಳೆಯುವುದನ್ನು ಬಿಟ್ಟು ಅದನ್ನು ಸರಿಯಾಗಿ ಮಾಡಿಸುವ ದಾರಿ ಹುಡುಕಬೇಕು. ಎಚ್‌ಎಂಟಿಯ ಹೆಸರಿನ ಹಕ್ಕು ಯಾರ ಕೈಯಲ್ಲಿದೆಯೋ ಅವರು ಹಳೆಯ ಡಯಲುಗಳ ನಕ್ಷೆಗಳನ್ನು ಮುದ್ರಕರಿಗೆ ತೆರೆದುಕೊಡಲಿ, ಸಣ್ಣ ಶುಲ್ಕಕ್ಕೆ ಪರವಾನಗಿ ಕೊಡಲಿ. ಅಕ್ಷರ ದಪ್ಪವಾಗುವುದು, ಗೆರೆ ಸರಿಯುವುದು ನಿಲ್ಲಲಿ. 18ನೇ ಶತಮಾನದ ಕೊನೆಯಲ್ಲಿ ತನ್ನ ಗಡಿಯಾರಗಳ ನಕಲು ಹೆಚ್ಚಾದಾಗ ಪ್ಯಾರಿಸಿನ ಗಡಿಯಾರ ತಯಾರಕ ಬ್ರೆಗೆ ಡಯಲಿನ ಮೇಲೆ ಬರಿಗಣ್ಣಿಗೆ ಸುಲಭವಾಗಿ ಕಾಣದ ಗುಟ್ಟಿನ ಸಹಿಯೊಂದನ್ನು ಗೀರತೊಡಗಿದ, ಅಸಲಿಯನ್ನು ಗುರುತಿಸಲೆಂದು. ನಮ್ಮ ಮುದ್ರಕರು ಮರುಮುದ್ರಣವನ್ನು ಗುರುತಿಸಲು ಹಾಗೆಯೇ ಡಯಲಿನ ಬೆನ್ನಿಗೆ ವರ್ಷ ಮತ್ತು ತಮ್ಮ ಗುರುತು ಕೊರೆಯಲಿ. ಬಿಚ್ಚಿ ನೋಡಿದ ಮುಂದಿನ ರಿಪೇರಿಯವರಿಗೆ ಅದು ತಿಳಿಯಲಿ. ಮಾರುವವರು ಬದಲಾದ ಭಾಗಗಳ ಪಟ್ಟಿಯನ್ನು ಚೀಟಿಯಲ್ಲಿ ಬರೆದು ವಾಚಿನ ಜೊತೆ ಕೊಡಲಿ. ಮೂರು ವಾಚು ಸೇರಿಸಿ ಒಂದು ಮಾಡಿದ ಸಂಗ್ರಾಹಕರೂ ಅದೇ ಚೀಟಿ ಬರೆಯಲಿ. ನನ್ನ ಪೈಲಟ್‌ನ ಚೀಟಿ ಬರೆದಾಗಿದೆ. ಮೊದಲ ಸಾಲಿನಲ್ಲೇ ಇದೆ: ಡಯಲು, ಮರುಮುದ್ರಣ.